ಎರಡು ಪದ್ಧತಿಯ ಬಿಯರ್: ಅವಸರ ಬೇಡ

2015ರಲ್ಲಿ ತೆಲಂಗಾಣ ಸರ್ಕಾರ ಮೈಕ್ರೊಬ್ರೂವರಿಗೆ ನಿಯಮ ರೂಪಿಸಿದ ಮೇಲೆ ಹೈದರಾಬಾದಿನಲ್ಲಿ ತಾಜಾ ಬಿಯರ್ ಮಾಮೂಲಾಗಿದೆ. ಅಲ್ಲಿ ಇತ್ತೀಚೆಗೆ ಕೋಲ್ಶ್ ಮಾದರಿಯದನ್ನು ರುಚಿ ನೋಡಿದೆ. ಜರ್ಮನಿಯ ಕಲೋನ್ ನಗರದ ಈ ಬಿಯರನ್ನು ಏಲ್ ಯೀಸ್ಟ್ ಹಾಕಿ ಹುದುಗಿಸಿ, ಆಮೇಲೆ ಲಾಗರ್‌ನಂತೆ ಕೆಲವು ವಾರ ಕೊರೆಯುವ ತಂಪಿನಲ್ಲಿ ಇಡಬೇಕು. ಆಗ ಹಣ್ಣಿನ ನಸು ಪರಿಮಳ ಉಳಿಯುತ್ತದೆ, ಗುಟುಕು ಇಳಿದ ಮೇಲೆ ನಾಲಗೆಗೆ ಏನೂ ಅಂಟುವುದಿಲ್ಲ. ಬಿರಿಯಾನಿ, ಮಿರ್ಚಿ ಕಾ ಸಾಲನ್ ಜೊತೆಗೆ ಇದೇ ಸರಿ.

ನನ್ನ ಗ್ಲಾಸಿನಲ್ಲಿ ಪರಿಮಳವೇನೋ ಇತ್ತು. ಯೀಸ್ಟಿನ ವಾಸನೆಯೂ ಇತ್ತು, ಬಣ್ಣ ಮಬ್ಬು. ಎರಡನೇ ಹಂತ ಮೊಟಕಾಗಿದೆ ಎಂದೇ ನನ್ನ ಅನಿಸಿಕೆ. ಟ್ಯಾಂಕ್ ಖಾಲಿಯಾದರೆ ಮುಂದಿನ ಬ್ಯಾಚ್, ಮಾಲೀಕರ ಕಷ್ಟ ಗೊತ್ತು. ಆದರೂ ಹಿಟ್ಟು ಉಬ್ಬುವ ಮುನ್ನ ನಾವು ಇಡ್ಲಿ ಹಾಕುತ್ತೇವೆಯೇ? ಬ್ರೂವರಿಯ ಯೋಚನೆಯಲ್ಲಿರುವ ಸದಸ್ಯರು ಒಂದು ಟ್ಯಾಂಕ್ ಹೆಚ್ಚಿಗೇ ಲೆಕ್ಕ ಹಾಕಲಿ. ಆಗದಿದ್ದರೆ ಮೆನುವಿನಲ್ಲಿ ಆ ಹೆಸರು ಬರೆಸುವುದು ಬೇಡ.