ಹುಟ್ಟಿಗೊಂದು ಕೆಲಸ ಕೊಡೋಣ

ಪೇಪರ್ ತೆಗೆದರೆ ಸಾಕು, ಯಾರೋ ಒಬ್ಬರು ‘ಅಧಿಕಾರದ ಚುಕ್ಕಾಣಿ’ ಹಿಡಿದಿರುತ್ತಾರೆ. ಚುಕ್ಕಾಣಿ ಹಡಗಿನದು. ನಮ್ಮ ಟಿ. ನರಸೀಪುರದಲ್ಲಿ, ಕಾವೇರಿಗೆ ಕಪಿಲೆ ಸೇರುವ ಕಡೆ ಓಡಾಡುವ ಹರಿಗೋಲಿಗೆ ಚುಕ್ಕಾಣಿಯೇ ಇಲ್ಲ. ಬಿದಿರಿನ ದುಂಡು ಬುಟ್ಟಿ ಅದು, ಮುಂದೆ ಯಾವುದು ಹಿಂದೆ ಯಾವುದು ಅಂತಲೇ ಹೇಳಕ್ಕಾಗಲ್ಲ. ಮುಂದೆ ಹೋಗೋದಕ್ಕೂ ತಿರುಗಿಸೋದಕ್ಕೂ ಇರೋದು ಒಂದೇ, ಹುಟ್ಟು.

ಹುಟ್ಟು ಅಂದ ತಕ್ಷಣ ನಮಗೆ ಹುಟ್ಟುಹಬ್ಬ ನೆನಪಾಗುತ್ತೆ. ಅಂಬಿಗರಿಗೆ ಅದು ತುದಿ ಅಗಲವಿರುವ ಮರದ ಕೋಲು. ನಾವು ಕನ್ನಡ ಸಂಘ ಹುಟ್ಟುಹಾಕ್ತೀವಿ, ಅವರು ನೀರಿಗೆ ಹುಟ್ಟು ಹಾಕ್ತಾರೆ. ಹರಿಗೋಲಿನ ಒಂದು ಪಕ್ಕದಲ್ಲಿ ಮಾತ್ರ ಹುಟ್ಟು ಹಾಕಿ ನೋಡಿ, ಬುಟ್ಟಿ ಗಿರಗಿರ ತಿರುಗುತ್ತೆ. ಟಾರ್ಕ್! ಗೊತ್ತಿರೋರು ಹೋಗಬೇಕಾದ ದಿಕ್ಕಿಗೆ ಮುಖ ಮಾಡಿ, ಎದುರಿನ ನೀರನ್ನ ತಮ್ಮ ಕಡೆಗೆ ಎಳೆದುಕೊಳ್ತಾರೆ. ಆಗ ಬಲದ ರೇಖೆ ಬುಟ್ಟಿಯ ನಡುವೆಯೇ ಹಾದುಹೋಗುತ್ತೆ. ಇದಕ್ಕೆ ಅವರು ಫ್ರೀ ಬಾಡಿ ಡಯಾಗ್ರಾಂ ಬರೆದಿಲ್ಲ.

ನಂಜನಗೂಡಿನಲ್ಲಿ ಕಪಿಲೆಗೆ 1735ರ ಹೊತ್ತಿಗೇ ಸೇತುವೆ ಬಂತು. ಸೇತುವೆ ಬಂದ ಕಡೆ ಹುಟ್ಟಿಗೆ ಕೆಲಸ ಕಡಿಮೆ, ಪದಕ್ಕೂ ಅಷ್ಟೇ. (ಸಿವಿಲ್‌ನವರು ಸಿಟ್ಟಾಗಬೇಡಿ, ಸೇತುವೆ ಬೇಕೇ ಬೇಕು.) ಹಾಗಾಗಿ ಆ ಪದಕ್ಕೆ ಹೊಸ ಕೆಲಸ ಕೊಡಬೇಕು ಅನ್ನೋದು ನನ್ನ ವಾದ.

ಕೆಲಸ ನಮ್ಮ ಸಿಲಬಸ್‌ನಲ್ಲೇ ಇದೆ. ಹಳೇ ನಿಘಂಟುಗಳಲ್ಲಿ ಹುಟ್ಟು ಅಂದರೆ ಮರದ ಸೌಟು ಅಂತಲೂ ಅರ್ಥವಿದೆ. ನೀರು ಎಳೆಯೋದೂ ಅದೇ, ಪಾತ್ರೆಯಲ್ಲಿ ಕದಡೋದೂ ಅದೇ. ಈಗ ಥರ್ಮೋಡೈನಾಮಿಕ್ಸ್‌ನ ‘ಪ್ಯಾಡಲ್ ವೀಲ್ ವರ್ಕ್’ ನೆನಪಿಸಿಕೊಳ್ಳಿ. 1840ರ ದಶಕದಲ್ಲಿ ಜೂಲ್, ಇಳಿಯುವ ತೂಕದಿಂದ ಚಕ್ರ ತಿರುಗಿಸಿ ನೀರು ಕದಡಿ, ಅದು ಎಷ್ಟು ಬಿಸಿಯಾಯ್ತು ಅಂತ ಅಳೆದ. ಅದನ್ನ ‘ಹುಟ್ಟುಚಕ್ರ’ ಅಂದರೆ ಏನು ನಷ್ಟ? ಕನ್ನಡದಲ್ಲಿ ಇಂಜಿನಿಯರಿಂಗ್ ಅಂದ ಕೂಡಲೇ ಸಂಸ್ಕೃತದಿಂದ ಮಾರುದ್ದದ ಪದ ಕಟ್ತೀವಿ. ಅದನ್ನ ಓದೋರಿಗೆ ಇಂಗ್ಲಿಷೇ ವಾಸಿ ಅನ್ಸುತ್ತೆ. ಹೊಳೆ ಪಕ್ಕದ ಊರಿಂದ ಕನ್ನಡ ಮೀಡಿಯಂನಲ್ಲಿ ಓದಿ ಬಂದು, ವೈವಾದಲ್ಲಿ ‘ಪ್ಯಾಡಲ್’ ಅಂದ ಕೂಡಲೇ ಬಾಯಿ ಕಟ್ಟಿಹೋಗೋ ಹುಡುಗನಿಗೆ ಹುಟ್ಟು ಏನು ಮಾಡುತ್ತೆ ಅಂತ ನಾವು ಹೇಳಿಕೊಡಬೇಕಿಲ್ಲ.

ಒಂದೇ ಪದಕ್ಕೆ ಎರಡು ಅರ್ಥ ಇದ್ದರೆ ಗೊಂದಲ ಆಗಲ್ವಾ ಅಂತ ಕೇಳ್ತೀರಿ. ‘ಚಾರ್ಜ್’ ಅನ್ನೋ ಪದಕ್ಕೆ ಎಷ್ಟು ಅರ್ಥ ಇದೆ ಅಂತ ಇಲೆಕ್ಟ್ರಿಕಲ್‌ನವರನ್ನ ಕೇಳಿ. ಜೇನುಹುಟ್ಟು ಕಂಡು ಯಾರೂ ಜೇನಿನ ಬರ್ತ್‌ಡೇ ಅಂದ್ಕೊಂಡಿಲ್ಲ.