ಮನೋರೋಗ: ಮದ್ದು ಮನೆಯ ಬಳಿಯೇ ಸಿಗಲಿ

ದೇಶದ ವಯಸ್ಕರಲ್ಲಿ ಶೇ 10.6ರಷ್ಟು ಮಂದಿ ಒಂದಲ್ಲ ಒಂದು ಬಗೆಯ ಮಾನಸಿಕ ಕಾಯಿಲೆಯಿಂದ ಬಳಲುತ್ತಿರುವುದನ್ನು ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆ ಗುರುತಿಸಿತ್ತು. ಇದಕ್ಕಿಂತಲೂ ಕಳವಳಕಾರಿಯಾದುದು ಅದೇ ಸಮೀಕ್ಷೆಯ ಇನ್ನೊಂದು ಅಂಶ. ಹೀಗೆ ಬಳಲುವವರ ಪೈಕಿ, ಕಾಯಿಲೆಯ ಸ್ವರೂಪಕ್ಕೆ ಅನುಗುಣವಾಗಿ, ಶೇ 70ರಿಂದ 92ರಷ್ಟು ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ.

ಇದಕ್ಕೆ ಅಜ್ಞಾನ ಮತ್ತು ಕಳಂಕದ ಭಯ ಕಾರಣ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅವು ಕಾರಣಗಳು ಹೌದು. ಖಿನ್ನತೆ ಮತ್ತು ಆತಂಕ ಬಹಳಷ್ಟು ಜನರಲ್ಲಿ ನಿದ್ರಾಹೀನತೆ, ತಲೆನೋವು, ಮೈಕೈ ನೋವು, ನಿಶ್ಶಕ್ತಿಯ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಟಾನಿಕ್ಕು, ನೋವಿನ ಮಾತ್ರೆಗಳಲ್ಲೇ ವರ್ಷಗಳು ಕಳೆದುಹೋಗುತ್ತವೆ. ಸ್ಕಿಜೋಫ್ರೀನಿಯಾದಂಥ ತೀವ್ರ ಕಾಯಿಲೆಯನ್ನು ದೆವ್ವದ ಕಾಟವೆಂದು ಬಗೆದು ರೋಗಿಯನ್ನು ಸರಪಳಿಯಲ್ಲಿ ಬಿಗಿದ ನಿದರ್ಶನಗಳೂ ಇವೆ. 2001ರ ಆಗಸ್ಟ್‌ನಲ್ಲಿ ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿಯಿಂದ ಬಂಧಿತರಾಗಿದ್ದ ರೋಗಿಗಳು ಓಡಲಾಗದೆ ಸುಟ್ಟು ಸತ್ತದ್ದನ್ನು ಮರೆಯಲಾಗದು.

ಆದರೆ ಆಸ್ಪತ್ರೆಯ ಬಾಗಿಲಿಗೆ ಬಂದವರೂ ನಡುವೆಯೇ ಚಿಕಿತ್ಸೆ ಕೈಬಿಡುವುದೇಕೆ? ಸೌಮ್ಯ ಸ್ವರೂಪದ ಖಿನ್ನತೆಗೆ ಆಪ್ತಸಮಾಲೋಚನೆಯೇ ಸಾಕಾಗಬಹುದು. ಔಷಧ ಬೇಕಾದವರಲ್ಲಿ ಗುಣ ಕಾಣಿಸಲು ಕೆಲವು ವಾರಗಳೇ ಹಿಡಿಯುತ್ತವೆ. ಚೇತರಿಸಿಕೊಂಡ ಮೇಲೂ ಹಲವು ತಿಂಗಳು ಅದನ್ನು ಮುಂದುವರಿಸಬೇಕಾಗುತ್ತದೆ. ತೀವ್ರ ಕಾಯಿಲೆಗಳಲ್ಲಿ ಈ ಅವಧಿ ಇನ್ನೂ ದೀರ್ಘ. ಮಧ್ಯದಲ್ಲಿ ನಿಲ್ಲಿಸಿದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು. ಒಂದು ಚೀಟಿ ಮಾತ್ರೆಗಾಗಿ ದಿನದ ಕೂಲಿ ಕಳೆದುಕೊಂಡು, ಬಸ್ಸು ಹಿಡಿದು ದೂರದ ಊರಿಗೆ ಹೋಗಿ, ಅಲ್ಲಿ ‘ಸ್ಟಾಕ್ ಇಲ್ಲ’ ಎಂಬ ಉತ್ತರ ಪಡೆಯುವ ಕುಟುಂಬ ಎಷ್ಟು ಬಾರಿ ಆ ದಾರಿ ತುಳಿದೀತು?

ಇದಕ್ಕೆ ಪರಿಹಾರವನ್ನು ಹುಡುಕಿಕೊಟ್ಟದ್ದು ಕರ್ನಾಟಕವೇ. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ನಿಮ್ಹಾನ್ಸ್ ತರಬೇತಿ ನೀಡಿ, ಸಾಮಾನ್ಯ ಮನೋರೋಗಗಳಿಗೆ ಹಳ್ಳಿಯ ಮಟ್ಟದಲ್ಲೇ ಚಿಕಿತ್ಸೆ ಸಾಧ್ಯವೆಂದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಪ್ರಯೋಗವೇ ಮಾದರಿ. ಹೀಗಿದ್ದೂ 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯು ಅಗತ್ಯ ಔಷಧಗಳು ಉಚಿತವಾಗಿ, ಸದಾಕಾಲ ದೊರೆಯಬೇಕೆಂದು ಖಾತರಿ ನೀಡಿದ್ದು ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕೂ ಮೇಲಿನ ಆಸ್ಪತ್ರೆಗಳಲ್ಲಿ ಮಾತ್ರ. ಹಳ್ಳಿಗೆ ಹತ್ತಿರವಿರುವ ಪ್ರಾಥಮಿಕ ಕೇಂದ್ರ ಈ ಖಾತರಿಯಿಂದ ಹೊರಗುಳಿದಿದೆ.

2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ (14416) ಸ್ವಾಗತಾರ್ಹ ಹೆಜ್ಜೆ. ದೂರವಾಣಿಯಲ್ಲಿ ಧೈರ್ಯ ಹೇಳಬಹುದು, ದಾರಿ ತೋರಬಹುದು. ಆದರೆ ಮಾತ್ರೆ ಕೊಡಲಾಗದು. ಮೂಲಭೂತ ಮನೋರೋಗ ಔಷಧಗಳು ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೂ ತಿಂಗಳು ತಪ್ಪದೆ ದೊರೆಯುವಂತೆ ರಾಜ್ಯ ಸರ್ಕಾರ ನೋಡಿಕೊಳ್ಳಬೇಕು. ಚಿಕಿತ್ಸೆ ಬಿಟ್ಟವರನ್ನು ಮನೆಗೇ ಹೋಗಿ ವಿಚಾರಿಸುವ ಹೊಣೆಯನ್ನು ಸೂಕ್ತ ತರಬೇತಿ ಮತ್ತು ಸಂಭಾವನೆಯೊಡನೆ ಆರೋಗ್ಯ ಕಾರ್ಯಕರ್ತರಿಗೆ ವಹಿಸಬೇಕು. ದೇಶಕ್ಕೆ ದಾರಿ ತೋರಿದ ರಾಜ್ಯ, ತನ್ನದೇ ಹಳ್ಳಿಗಳ ರೋಗಿಗಳನ್ನು ಬಸ್ ನಿಲ್ದಾಣದಲ್ಲಿ ಕಾಯಿಸುವುದು ಸಲ್ಲದು.