ಜ್ವರದ ಬೆನ್ನಲ್ಲೇ ಮಧುಮೇಹವೇ?

ಹತ್ತು ವರ್ಷದ ಹುಡುಗ. ಆರೋಗ್ಯವಾಗಿದ್ದವನು. ಶೀತಜ್ವರದಂಥ ಕಾಯಿಲೆ ಕಾಣಿಸಿಕೊಂಡ ಕೆಲವೇ ದಿನಗಳಲ್ಲಿ ತೀವ್ರ ಮಧುಮೇಹಕ್ಕೆ ತುತ್ತಾಗಿ ಆಸ್ಪತ್ರೆ ಸೇರಿದ, ಬದುಕಿ ಉಳಿಯಲಿಲ್ಲ. ಅಮೆರಿಕದ ಈ ಪ್ರಕರಣದ ವಿವರ 1979ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಪ್ರಕಟವಾಯಿತು. ಹುಡುಗನ ಮೇದೋಜೀರಕ ಗ್ರಂಥಿಯಲ್ಲಿ ಸಿಕ್ಕಿದ್ದು ಕಾಕ್ಸಾಕಿ ಬಿ4 ಎಂಬ ವೈರಸ್. ಅದನ್ನು ಇಲಿಗಳಿಗೆ ಚುಚ್ಚಿದಾಗ ಕೆಲವು ಇಲಿಗಳ ರಕ್ತದಲ್ಲೂ ಸಕ್ಕರೆ ಏರಿತು!

ವೈರಸ್‌ಗೂ ಮಧುಮೇಹಕ್ಕೂ ನಂಟಿರಬಹುದೆಂಬ ಸಂಶಯ ಹಳೆಯದು. ಮಂಗನಬಾವು ಬಂದುಹೋದ ಮೇಲೆ ಮಧುಮೇಹ ತಲೆದೋರಿದ್ದನ್ನು 1864ರಲ್ಲೇ ನಾರ್ವೆಯ ವೈದ್ಯರೊಬ್ಬರು ದಾಖಲಿಸಿದ್ದರು. ಹೊಸದಾಗಿ ಮಧುಮೇಹ ಕಾಣಿಸಿಕೊಂಡವರ ರಕ್ತದಲ್ಲಿ ಕಾಕ್ಸಾಕಿ ಬಿ ವೈರಸ್ ವಿರುದ್ಧದ ಪ್ರತಿಕಾಯಗಳು ಹೆಚ್ಚಾಗಿರುವುದನ್ನು 1969ರಲ್ಲಿ ಬ್ರಿಟನ್ನಿನ ಸಂಶೋಧಕರು ಗಮನಿಸಿದರು.

ಇದು ತಾತನಿಗೆ ಅರವತ್ತರಲ್ಲಿ ಬರುವ ಸಕ್ಕರೆ ಕಾಯಿಲೆಯಲ್ಲ. ಹೆಚ್ಚಾಗಿ ಮಕ್ಕಳಲ್ಲೂ ಹದಿಹರೆಯದವರಲ್ಲೂ ಕಾಣಿಸಿಕೊಳ್ಳುವ ಒಂದನೇ ಬಗೆಯ ಮಧುಮೇಹ. ಮೇದೋಜೀರಕದಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳಿವೆ. ರೋಗಾಣುಗಳನ್ನು ಕೊಲ್ಲಬೇಕಾದ ಬಿಳಿ ರಕ್ತಕಣಗಳೇ ಈ ಕೋಶಗಳ ಮೇಲೆ ಬೀಳುತ್ತವೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ!

ಬೇಲಿ ಹೀಗೇಕೆ ದಾರಿತಪ್ಪುತ್ತದೆ? ಎರಡು ವಿವರಣೆಗಳಿವೆ. ಮೊದಲನೆಯದು, ವೈರಸ್ ಬೀಟಾ ಕೋಶದೊಳಕ್ಕೇ ನುಗ್ಗುತ್ತದೆ. ಅದನ್ನು ಹೊಡೆಯಲು ಬಂದ ರಕ್ಷಣಾ ಪಡೆಯಿಂದ ಕೋಶಕ್ಕೂ ಪೆಟ್ಟು ಬೀಳುತ್ತದೆ. ಒಡೆದ ಕೋಶದ ತುಣುಕುಗಳನ್ನೂ ಪಡೆ ವೈರಿಯೆಂದು ಗುರುತಿಟ್ಟುಕೊಳ್ಳುತ್ತದೆ. ಎರಡನೆಯದು, ಚಹರೆಯ ಹೋಲಿಕೆ. ಕಾಕ್ಸಾಕಿ ವೈರಸ್‌ನ ಒಂದು ಪ್ರೋಟೀನಿನ ತುಣುಕು ಬೀಟಾ ಕೋಶದಲ್ಲಿರುವ ಜಿಎಡಿ ಎಂಬ ಪ್ರೋಟೀನಿನ ತುಣುಕನ್ನು ಹೋಲುತ್ತದೆ. ಕಳ್ಳನನ್ನು ಹುಡುಕಿ ಬಂದ ಪೊಲೀಸರು ಅವನಂತೆಯೇ ಕಾಣುವ ಮನೆಯ ಯಜಮಾನನನ್ನು ಹಿಡಿದಂತೆ ಇದು.

ಅಮೆರಿಕದ ಹುಡುಗನಿಗಾದಂತೆ ಎಲ್ಲವೂ ದಿನಗಳಲ್ಲಿ ಮುಗಿಯುವುದು ಅಪರೂಪ. ಬಹುಪಾಲು ಮಕ್ಕಳಲ್ಲಿ ರೋಗ ಹೊರಬೀಳುವ ತಿಂಗಳುಗಳ, ವರ್ಷಗಳ ಮೊದಲೇ ರಕ್ತದಲ್ಲಿ ಸ್ವಪ್ರತಿಕಾಯಗಳು ಹುಟ್ಟಿಕೊಂಡಿರುತ್ತವೆ. ಅಪಾಯದ ಜೀನುಗಳಿರುವ ಮಕ್ಕಳನ್ನು ಹುಟ್ಟಿನಿಂದಲೇ ಗಮನಿಸಿದ ‘ಟೆಡ್ಡಿ’ ಅಧ್ಯಯನ ಅಮೆರಿಕ, ಫಿನ್ಲೆಂಡ್, ಜರ್ಮನಿ ಮತ್ತು ಸ್ವೀಡನ್‌ಗಳಲ್ಲಿ ನಡೆದಿದೆ. ಬಂದು ಬೇಗ ಹೋಗುವ ಸೋಂಕಿಗಿಂತ ದೇಹದಲ್ಲಿ ಬಹುಕಾಲ ಉಳಿಯುವ ಎಂಟೆರೋವೈರಸ್ ಬಿ ಸೋಂಕಿಗೂ ಸ್ವಪ್ರತಿಕಾಯಗಳಿಗೂ ನಂಟಿರುವುದನ್ನು ಅದು 2019ರಲ್ಲಿ ವರದಿ ಮಾಡಿತು. ಕಾಕ್ಸಾಕಿ ಬಿ ಕೂಡ ಇದೇ ಗುಂಪಿಗೆ ಸೇರಿದ್ದು. ಇದರ ವಿರುದ್ಧ ತಯಾರಿಸಿದ ಲಸಿಕೆಯ ಆರಂಭಿಕ ಪರೀಕ್ಷೆ ಫಿನ್ಲೆಂಡಿನಲ್ಲಿ ನಡೆದಿದೆ.

ಹಾಗಾದರೆ ನೆಗಡಿ, ಜ್ವರ ಬಂದಾಗಲೆಲ್ಲ ಹೆದರಬೇಕೆ? ಬೇಡ. ಇಂಥ ವೈರಸ್‌ಗಳು ಲೆಕ್ಕವಿಲ್ಲದಷ್ಟು ಮಕ್ಕಳಿಗೆ ತಗಲುತ್ತವೆ. ಮಧುಮೇಹ ಬರುವುದು ಕೆಲವೇ ಮಕ್ಕಳಿಗೆ. ಅದಕ್ಕೆ ಒಗ್ಗುವ ಜೀನುಗಳೂ ಇರಬೇಕು. ಜೀನುಗಳಷ್ಟೇ ಇದ್ದರೂ ಸಾಲದು. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗೆ ಈ ರೋಗ ಬಂದರೆ ಇನ್ನೊಬ್ಬರಿಗೂ ಬಂದೇ ತೀರುತ್ತದೆ ಎನ್ನುವಂತಿಲ್ಲ. ಜೀನು ಒಣಹುಲ್ಲಾದರೆ ವೈರಸ್ ಕಿಡಿ ಆಗಿರಬಹುದು.

ಹೀಗಿರುವಾಗ, ‘ಮಗುವಿಗೆ ಸಿಹಿ ತಿನ್ನಿಸಿದ್ದೇ ತಪ್ಪಾಯಿತು’ ಎಂದು ತಾಯಿ ಕೊರಗಬೇಕಿಲ್ಲ. ಬಂಧುಗಳು ಆಕೆಯನ್ನು ದೂರಲೂ ಬಾರದು. ಮಧುಮೇಹ ಅಂಟುರೋಗವೂ ಅಲ್ಲ. ಅಂಥ ಸಹಪಾಠಿಯ ಪಕ್ಕ ಕೂರಲು, ಆಡಲು ಯಾರೂ ಹಿಂಜರಿಯಬೇಕಿಲ್ಲ. ಆದರೆ ಆ ಮಗು ಹೊತ್ತಿಗೆ ಸರಿಯಾಗಿ ಇನ್ಸುಲಿನ್ ಮತ್ತು ಆಹಾರ ತೆಗೆದುಕೊಳ್ಳಬೇಕೆಂಬುದು ಶಾಲೆಯಲ್ಲಿ ತಿಳಿದಿರಬೇಕು.

ಪಾಲಕರು ಗಮನಿಸಬೇಕಾದ್ದು ಕೆಲವೇ ಲಕ್ಷಣಗಳು: ಮಿತಿಮೀರಿದ ಬಾಯಾರಿಕೆ, ಪದೇ ಪದೇ ಮೂತ್ರ, ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮರಳುವುದು, ಊಟ ಮಾಡಿದರೂ ಸೊರಗುವುದು. ಇವು ಕಂಡರೆ ಅಂದೇ ವೈದ್ಯರಲ್ಲಿ ಸಕ್ಕರೆ ಪರೀಕ್ಷೆ ಮಾಡಿಸಬೇಕು. ವಾಂತಿ, ಹೊಟ್ಟೆನೋವು, ಏದುಸಿರು ಇದ್ದರಂತೂ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಹದಿನಾಲ್ಕರ ಬಾಲಕ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿ ಇನ್ಸುಲಿನ್ ಕೊಟ್ಟಂದಿನಿಂದ ಈ ರೋಗ ಮರಣಶಾಸನವಾಗಿ ಉಳಿದಿಲ್ಲ. ಕಿಡಿ ಹೊತ್ತಿಸಿದ್ದು ಯಾವುದೇ ಇರಲಿ, ಹೊಗೆ ಕಂಡೊಡನೆ ಎಚ್ಚೆತ್ತರೆ ಮಗು ಉಳಿಯುತ್ತದೆ.